ಹಳೆಯ ಡಚ್ ಭಾವಚಿತ್ರದ ಜಾತಕ ಬಿಡಿಸುವುದು ಹೇಗೆ?

ಕಪ್ಪು ಬಟ್ಟೆ, ಬಿಳಿ ಕಾಲರ್, ಬಿಗಿದ ಮುಖ. 17ನೇ ಶತಮಾನದ ಹಾಲೆಂಡಿನಲ್ಲಿ ವ್ಯಾಪಾರದಿಂದ ಕಾಸು ಕಂಡ ಎಷ್ಟೋ ಮನೆಗಳು ಇಂಥ ಚಿತ್ರ ಬರೆಸಿಕೊಂಡವು. ಬರೆದವರು ಯಾರು, ಚಿತ್ರದಲ್ಲಿರುವವರು ಯಾರು, ಅದು ಯಾರ ಯಾರ ಕೈ ದಾಟಿ ಬಂತು? ಇದನ್ನು ಹುಡುಕಲು ಹೊರಟವರು ಚೌಕಟ್ಟಿನ ಮೇಲಿನ ಹಿತ್ತಾಳೆ ಪಟ್ಟಿಯಲ್ಲಿರುವ ಹೆಸರನ್ನು ಸದ್ಯಕ್ಕೆ ಮರೆತುಬಿಡಿ. ಅದು ಸಾಮಾನ್ಯವಾಗಿ ಯಾವನೋ ಮಾಲೀಕನೋ ವ್ಯಾಪಾರಿಯೋ ಆಮೇಲೆ ಹೊಡೆಸಿದ್ದು.

ಮೊದಲು ಚಿತ್ರವನ್ನು ತಿರುಗಿಸಿ. ಮುಂಬದಿಗಿಂತ ಹಿಂಬದಿಯೇ ಜಾಸ್ತಿ ಮಾತಾಡುತ್ತದೆ. ಅರಗಿನ ಮುದ್ರೆ, ಸೀಮೆಸುಣ್ಣದ ನಂಬರು, ಅರ್ಧ ಹರಿದ ಚೀಟಿ ಎಲ್ಲದರ ಫೋಟೊ ತೆಗೆಯಿರಿ. ಏನನ್ನೂ ಒರೆಸಬೇಡಿ, ಕೀಳಬೇಡಿ. ಕ್ರಿಸ್ಟೀಸ್ ಹರಾಜು ಸಂಸ್ಥೆ ತನ್ನಲ್ಲಿಗೆ ಬಂದ ಚಿತ್ರಗಳ ಹಿಂದೆ ಕಪ್ಪು ಮಸಿಯಲ್ಲಿ ನಂಬರು ಒತ್ತುತ್ತಿತ್ತು. ಅಂಥ ನಂಬರು ಸಿಕ್ಕರೆ ಅವರ ದಾಖಲೆ ವಿಭಾಗಕ್ಕೆ ಬರೆದು ಯಾವ ವರ್ಷದ ಹರಾಜು ಎಂದು ಕೇಳಬಹುದು.

ಓಕ್ ಹಲಗೆಯ ಮೇಲೆ ಬರೆದಿದ್ದರೆ ತಜ್ಞರು ಅಂಚಿನಲ್ಲಿ ಮರದ ಉಂಗುರಗಳನ್ನು ಅಳೆಯುತ್ತಾರೆ. ಕೊನೆಯ ಉಂಗುರ 1625ರದ್ದಾದರೆ ಚಿತ್ರ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಅಷ್ಟೇ. ಬರೆದ ಕೈ ಯಾರದೆಂದು ಮರ ಹೇಳುವುದಿಲ್ಲ.

ಈಗ ಮುಂಬದಿ. ಮೂಲೆಯಲ್ಲಿ ಲ್ಯಾಟಿನ್‌ನಲ್ಲಿ 'ಏಟಾಟಿಸ್ ಸುವೇ' ಎಂದಿದ್ದರೆ ಪಕ್ಕದ ಅಂಕಿ ಕೂತವರ ವಯಸ್ಸು. 'ಆನ್ನೋ' ಮುಂದಿನದು ಇಸವಿ. ವಂಶದ ಲಾಂಛನವಿದ್ದರೆ ಅರ್ಧ ಕೆಲಸ ಮುಗಿದಂತೆ, ಆದರೆ ಅದನ್ನು ಆಮೇಲೆ ಯಾರೋ ಸೇರಿಸಿದ್ದೂ ಇರಬಹುದು. ಕಾಲರ್ ಅನ್ನಂತೂ ಬಿಡಲೇಬೇಡಿ. ಬೀಸುವ ಕಲ್ಲಿನಂಥ ನೆರಿಗೆ ಕಾಲರ್ ಬೇರೆ ಕಾಲದ್ದು, 1630ರ ದಶಕದ ಯುವಕರ ಭುಜದ ಮೇಲೆ ಬೀಳುವ ಲೇಸ್ ಕಾಲರ್ ಬೇರೆ. 2016ರಲ್ಲಿ ಲಂಡನ್ನಿನಲ್ಲಿ, ಆ ಕಾಲದ ಹೆಸರಾಂತ ಡಚ್ ಚಿತ್ರಕಾರ ರೆಂಬ್ರಾಂಟರ 'ಬಳಗದ್ದು' ಎಂದು ಹರಾಜಿಗೆ ಬಂದ ಯುವಕನ ಚಿತ್ರವನ್ನು ಯಾನ್ ಸಿಕ್ಸ್ ಎಂಬ ಡಚ್ ವ್ಯಾಪಾರಿ 1,37,000 ಪೌಂಡಿಗೆ ಕೊಂಡರು. ಅವರು ಹಿಡಿದ ಒಂದು ಸುಳಿವು ಆ ಲೇಸೇ. 2018ರಲ್ಲಿ ಅದು ರೆಂಬ್ರಾಂಟರದ್ದೇ ಎಂದು ಘೋಷಿಸಿದರು.

ಸಹಿ ಇದೆಯಲ್ಲ, ಇನ್ನೇನು ಅನ್ನಬೇಡಿ. ಅದೇ ಕಾಲದ ಚಿತ್ರಕಾರ ಫ್ರಾನ್ಸ್ ಹಾಲ್ಸ್ ಬರೆದದ್ದೆಂದು ಮಾರಾಟವಾದ ಒಂದು ಚಿತ್ರದಲ್ಲಿ 1893ರಲ್ಲಿ ಹೊರಬಂದದ್ದು ಯೂಡಿತ್ ಲೈಸ್ಟರ್ ಎಂಬ ಕಲಾವಿದೆಯ ನಕ್ಷತ್ರವಿರುವ ಗುರುತು. ಹೋಲಿಸಿ ನೋಡಲು, ಕಲಾ ಇತಿಹಾಸದ ದಾಖಲೆ ಇಡುವ, ಹೇಗ್ ನಗರದ ಆರ್‌ಕೆಡಿ ಸಂಸ್ಥೆಯ ಚಿತ್ರಕೋಶವಿದೆ. ಇಂಟರ್‌ನೆಟ್‌ನಲ್ಲಿ ಉಚಿತ.

ಇನ್ನು ಮಾಲೀಕರ ಸರಪಳಿ. ಇಲ್ಲಿ ಹೆಂಗಸರ ಮದುವೆಗಳನ್ನು ಹಿಡಿದು ಹೋಗಿ. ರೆಂಬ್ರಾಂಟ್ 1634ರಲ್ಲಿ ಬರೆದ ಆಳೆತ್ತರದ ಜೋಡಿ ಚಿತ್ರಗಳನ್ನು ಮಾರ್ಟನ್ ಡೇ ಮತ್ತು ಅವನ ಹೆಂಡತಿಯದ್ದೆಂದೇ ಬಹಳ ಕಾಲ ನಂಬಿದ್ದರು. ಡೇ ಮನೆತನದಲ್ಲೇ ಇದ್ದವು ಅಲ್ವಾ! 1956ರಲ್ಲಿ ಇತಿಹಾಸಕಾರ್ತಿ ಇಸಾಬೆಲ್ಲಾ ವ್ಯಾನ್ ಏಘೆನ್ ಆಮ್‌ಸ್ಟರ್‌ಡ್ಯಾಮಿನ ಹಳೆಯ ದಾಖಲೆ ತಡಕಿ ಗಂಟು ಬಿಡಿಸಿದರು. ಚಿತ್ರದಲ್ಲಿರುವಾಕೆ ಓಪ್ಯೆನ್ ಕಾಪಿಟ್, ಜೊತೆಗಿರುವವನು ಅವಳ ಮೊದಲ ಗಂಡ ಮಾರ್ಟನ್ ಸೋಲ್ಮನ್ಸ್. ಅವನು 1641ರಲ್ಲಿ ತೀರಿಕೊಂಡ ಮೇಲೆ ಅವಳು ಡೇಯನ್ನು ಮದುವೆಯಾದಳು. ಚಿತ್ರಗಳೂ ಆ ಮನೆಗೆ ಹೋದವು. ಇಬ್ಬರು ಗಂಡಂದಿರ ಹೆಸರೂ ಮಾರ್ಟನ್ ಬೇರೆ! 2016ರಲ್ಲಿ ಫ್ರಾನ್ಸ್ ಮತ್ತು ನೆದರ್‌ಲ್ಯಾಂಡ್ಸ್ ಸೇರಿ ಈ ಜೋಡಿಗೆ 16 ಕೋಟಿ ಯೂರೋ ಕೊಟ್ಟವು.

ಹಾಗಾಗಿ ಉಯಿಲು, ಸತ್ತವರ ಮನೆಯ ಸಾಮಾನುಪಟ್ಟಿ, ಹರಾಜಿನ ಹಳೆಯ ಕ್ಯಾಟಲಾಗ್ ಮೂರನ್ನೂ ನೋಡಿ. ಗೆಟ್ಟಿ ಸಂಸ್ಥೆಯ ಮಾಲೀಕತ್ವ ಸೂಚಿಯಲ್ಲಿ ಇಂಥ ದಾಖಲೆ ರಾಶಿ ಇದೆ. ಅಳತೆ ತಾಳೆಯಾಗದಿದ್ದರೆ ಅದು ಇನ್ನೊಂದು ಚಿತ್ರವಿರಬಹುದು, ಅಂಚು ಕತ್ತರಿಸಿದ್ದೂ ಇರಬಹುದು. ಸುಮ್ನೆ ಜೋಡಿಸಿಬಿಡಬೇಡಿ.

ಈ ಸರಪಳಿಯಲ್ಲಿ 1933ರಿಂದ 1945ರವರೆಗಿನ ಖಾಲಿ ಜಾಗ ಮಾತ್ರ ಬೇರೆಯದೇ ವಿಷಯ. ಅದು ನಾಜಿಗಳ ಕಾಲ, ಚಿತ್ರ ಲೂಟಿಯ ಮಾಲಾಗಿರಬಹುದು. ಆಮ್‌ಸ್ಟರ್‌ಡ್ಯಾಮಿನ ಯೆಹೂದಿ ವ್ಯಾಪಾರಿ ಜಾಕ್ ಗೌಡ್‌ಸ್ಟಿಕ್ಕರ್ 1940ರ ಮೇ ತಿಂಗಳಲ್ಲಿ ನಾಜಿಗಳಿಂದ ಓಡಿಹೋಗುವಾಗ ಹಡಗಿನಲ್ಲಿ ಬಿದ್ದು ಸತ್ತರು. ಸಂಗ್ರಹದ ಒಳ್ಳೊಳ್ಳೆಯ ಚಿತ್ರಗಳು ನಾಜಿ ನಾಯಕ ಗೋರಿಂಗ್ ಪಾಲಾದವು. ಗೌಡ್‌ಸ್ಟಿಕ್ಕರ್ ಬಳಿಯಿದ್ದ ಪುಟ್ಟ ಕಪ್ಪು ನೋಟ್‌ಬುಕ್ಕಿನಲ್ಲಿ ಸಾವಿರಕ್ಕೂ ಹೆಚ್ಚು ಚಿತ್ರಗಳ ಪಟ್ಟಿಯಿತ್ತು. 2006ರಲ್ಲಿ ಡಚ್ ಸರ್ಕಾರ 202 ಚಿತ್ರಗಳನ್ನು ವಾರಸುದಾರರಿಗೆ ಮರಳಿಸಿತು. ಆ ವರ್ಷಗಳ ಮಾಲೀಕ ಯಾರೆಂದು ತಿಳಿಯದಿದ್ದರೆ ಕೊಳ್ಳುವ, ಮಾರುವ ಮಾತು ಆಮೇಲಿರಲಿ. ಮೊದಲು, ನಾಜಿ ಕಾಲದಲ್ಲಿ ಕಳೆದುಹೋದ ಕಲಾಕೃತಿಗಳ ಪಟ್ಟಿಯಿರುವ ಜರ್ಮನಿಯ ಲಾಸ್ಟ್ ಆರ್ಟ್ ದತ್ತಕೋಶದಲ್ಲಿ ಹುಡುಕಿ.