ಬೈತಖೋಲದ ಮಂಜುಗಡ್ಡೆ, ಕ್ಯಾಲ್ಸಿಯಂ, ಇಲಿಯ ಲಿವರ್: ನನ್ನ ಅನುಭವ

ವಿಟಮಿನ್ ಇ ಕೊಟ್ಟ ಇಲಿಯ ಲಿವರ್‌ನಲ್ಲಿ ಸಿವೈಪಿ3ಎ (ಔಷಧಗಳನ್ನು ಒಡೆಯುವ ಕಿಣ್ವ) ಎಷ್ಟು ಏರುತ್ತದೆ ಅಂತ ಕಾರವಾರದಲ್ಲೇ ಅಳೆದಿದ್ದೇನೆ ಅಂದರೆ ಧಾರವಾಡದ ಗೆಳೆಯರು ನಗುತ್ತಿದ್ದರು. "ಅಲ್ಟ್ರಾಸೆಂಟ್ರಿಫ್ಯೂಜ್ ಇಲ್ದೇ ಮೈಕ್ರೋಸೋಮ್ ಎಲ್ಲಿಂದ ತರ್ತೀಯೋ ಮಾರಾಯಾ?" ಮೈಕ್ರೋಸೋಮ್ ಅಂದರೆ ಲಿವರ್ ಅರೆದಾಗ ಸಿಗುವ, ಆ ಕಿಣ್ವ ಕೂತಿರುವ ಪೊರೆಯ ಚೂರುಗಳು. ಅವನ್ನು ತಳಕ್ಕೆ ಇಳಿಸಲು ಅತಿ ವೇಗದ ಅಲ್ಟ್ರಾಸೆಂಟ್ರಿಫ್ಯೂಜ್ ಬೇಕು ಅನ್ನುವುದು ವಾಡಿಕೆ. ಈಗ ಅವರೇ ನನ್ನ ಪೆಲೆಟ್, ಅಂದರೆ ತಳ ಸೇರಿದ ಮುದ್ದೆ, ಕೇಳುತ್ತಿದ್ದಾರೆ.

1,05,000 ಜಿ (ಭೂಮಿಯ ಗುರುತ್ವದ ಅಷ್ಟು ಪಟ್ಟು) ಬಲದಲ್ಲಿ ತಿರುಗುವ ಯಂತ್ರ ನಮ್ಮಲ್ಲಿಲ್ಲ, ಬರುವ ಲಕ್ಷಣವೂ ಇಲ್ಲ. ಕ್ಯಾಲ್ಸಿಯಂ ವಿಧಾನ 1970ರ ದಶಕದಿಂದಲೂ ಇದೆ. ಅರೆದ ಲಿವರ್‌ನಿಂದ ಮೈಟೋಕಾಂಡ್ರಿಯಾ ತಳಕ್ಕೆ ಇಳಿಸಿದ ಮೇಲೆ ಉಳಿಯುವ ದ್ರವಕ್ಕೆ 8 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ಮೈಕ್ರೋಸೋಮ್ ಒಂದಕ್ಕೊಂದು ಅಂಟಿಕೊಂಡು ಕಡಿಮೆ ವೇಗಕ್ಕೇ ತಳ ಸೇರುತ್ತದೆ. ಪುಸ್ತಕದ ಪ್ರಕಾರ 27,000 ಜಿ. ನಮ್ಮ ಹಳೇ ಯಂತ್ರ ಅಷ್ಟಕ್ಕೂ ಹೋಗುವುದಿಲ್ಲ, ಹೊತ್ತು ಜಾಸ್ತಿ ಮಾಡಿದೆ.

ಹಣ ಹೋಗಿದ್ದು ಬೇರೆ ಕಡೆ. ಲ್ಯಾಬಿನಲ್ಲಿ ಕೈಯಿಂದ ಕೈಗೆ ಬಂದಿದ್ದ ಪ್ರೊಟೊಕಾಲ್‌ನಲ್ಲಿ ಫಾಸ್ಫೇಟ್ ಬಫರ್ ಇತ್ತು. ಕ್ಯಾಲ್ಸಿಯಂ ಬಿದ್ದ ಕೂಡಲೇ ಬಿಳಿ ಗಸಿ, ಅಂದರೆ ಕ್ಯಾಲ್ಸಿಯಂ ಫಾಸ್ಫೇಟ್. ಅದನ್ನೇ ಪೆಲೆಟ್ ಅಂದುಕೊಂಡು ಎರಡು ಬ್ಯಾಚ್ ಇಲಿ ಖರ್ಚಾಯಿತು. ಫಾಸ್ಫೇಟ್ ಇಲ್ಲದ ಟ್ರಿಸ್ ಬಫರ್, ಸುಕ್ರೋಸ್‌ಗೆ ಬಂದ ಮೇಲೆ ಕಾಟ ತಪ್ಪಿತು. ಆಮೇಲೆ ಮಳೆಗಾಲ. ಸಿವೈಪಿ3ಎ ಕೆಲಸ ಮಾಡಲು ಬೇಕಾದ ಎನ್‌ಎಡಿಪಿಎಚ್‌ನ ಬಾಟಲಿ ನಾಲ್ಕು ಸಲ ತೆರೆದರೆ ಪುಡಿ ಅಂಟಂಟು. ಮೊದಲ ವರ್ಷ ಅದಕ್ಕೇ ಸುಮಾರು 40 ಸಾವಿರ ಸುರಿದಿರಬೇಕು. ಈಗ ಎನ್‌ಎಡಿಪಿ, ಗ್ಲೂಕೋಸ್-6-ಫಾಸ್ಫೇಟ್ ಮತ್ತು ಅದರ ಡಿಹೈಡ್ರೋಜಿನೇಸ್ ಸೇರಿಸಿ ಅದನ್ನು ಟ್ಯೂಬಿನಲ್ಲೇ ಮಾಡಿಕೊಳ್ಳುತ್ತೇನೆ. ಐಸ್ ಮಾತ್ರ ಬೈತಖೋಲ ಬಂದರಿನ ಕಡೆಯಿಂದ, ಮೀನಿನ ಪೆಟ್ಟಿಗೆಗೆ ಹಾಕುವಂಥದ್ದೇ. ವಾಸನೆ ಇದ್ದರೂ ತಂಪಿಗೆ ಏನೂ ಕಮ್ಮಿ ಇಲ್ಲ.

ಲಿವರನ್ನು ತಣ್ಣನೆ ಸಲೈನ್‌ನಲ್ಲಿ ಬಿಳಿಚುವವರೆಗೆ ತೊಳೆಯದಿದ್ದರೆ ರಕ್ತ ಉಳಿದು, ಈ ಜಾತಿಯ ಕಿಣ್ವಗಳ ಗುರುತಾದ 450 ನ್ಯಾನೋಮೀಟರ್ ಶಿಖರ ಹುಡುಕುವಲ್ಲಿ 420ರ ಹತ್ತಿರ ಹಿಮೋಗ್ಲೋಬಿನ್ನಿನ ಗುಡ್ಡ ಎದ್ದು ಕೂರುತ್ತದೆ. ಕೊನೆಯ ತೊಳೆತಕ್ಕೆ ನಾನು ಇನ್ನೊಂದು ವಸ್ತು ಹಾಕುತ್ತೇನೆ. ಅದನ್ನು ಇಲ್ಲಿ ಬರೆಯಲ್ಲ, ಲ್ಯಾಬಿಗೆ ಬಂದವರಿಗೆ ತೋರಿಸುತ್ತೇನೆ.

ಕಿಣ್ವ ಅಳೆಯಲು ಮೈಕ್ರೋಸೋಮ್‌ಗೆ ಎರಿತ್ರೋಮೈಸಿನ್ ಕೊಟ್ಟು, ಸಿವೈಪಿ3ಎ ಅದನ್ನು ಒಡೆದಾಗ ಬಿಡುಗಡೆಯಾದ ಫಾರ್ಮಾಲ್ಡಿಹೈಡನ್ನು ನ್ಯಾಶ್ ಎಂಬ ಬಣ್ಣ ಬರಿಸುವ ದ್ರಾವಣದಲ್ಲಿ 412 ನ್ಯಾನೋಮೀಟರಿಗೆ ಓದಿದೆ. ಪಾಸಿಟಿವ್ ಕಂಟ್ರೋಲ್‌ಗೆ, ಅಂದರೆ ಕಿಣ್ವ ಖಂಡಿತ ಏರುವ ಹೋಲಿಕೆ ಗುಂಪಿಗೆ, ಡೆಕ್ಸಾಮೆಥಾಸೋನ್. ರಿಫಾಂಪಿಸಿನ್ ಯಾಕಿಲ್ಲ ಎಂದು ಒಬ್ಬ ಪರೀಕ್ಷಕರು ತಕರಾರು ತೆಗೆದರು. ಅದು ಮನುಷ್ಯನ ಪಿಎಕ್ಸ್‌ಆರ್ ಅನ್ನು (ಸಿವೈಪಿ3ಎ ತಯಾರಿಯನ್ನು ಏರಿಸುವ ಗ್ರಾಹಕ) ಎಬ್ಬಿಸಿದಷ್ಟು ಇಲಿಯದನ್ನು ಎಬ್ಬಿಸುವುದಿಲ್ಲ ಎಂದೆ, ಸುಮ್ಮನಾದರು.

ನಿಜವಾದ ಸಂಗತಿ ಎಣ್ಣೆಯದ್ದು. ವಿಟಮಿನ್ ಕಲಸಲು ಸೂರ್ಯಕಾಂತಿ ಎಣ್ಣೆ ತೆಗೆದುಕೊಂಡರೆ ಅದರಲ್ಲೇ ಆಲ್ಫಾ ಟೋಕೋಫೆರಾಲ್ (ವಿಟಮಿನ್ ಇಯ ಮುಖ್ಯ ರೂಪ) ತುಂಬಿರುತ್ತದೆ, ಕಂಟ್ರೋಲ್ ಇಲಿಗೂ ಪಾಲು ಹೋಗುತ್ತದೆ. ನಮ್ಮ ಕಡೆಯ ಕೊಬ್ಬರಿ ಎಣ್ಣೆಯಲ್ಲಿ ಅದು ತೀರಾ ಕಡಿಮೆ. ಅದಕ್ಕೆ ಬದಲಾಯಿಸಿದ ಮೇಲೆ ಎರಡು ಗುಂಪು ಬೇರೆಯಾದವು. ನೆನಪಿನಿಂದ ಹೇಳುವುದಾದರೆ ವಿಟಮಿನ್ ಗುಂಪು ಕಾಲು ಭಾಗದ ಆಸುಪಾಸು ಮೇಲೆ. ಡೆಕ್ಸಾಮೆಥಾಸೋನ್ ಮುಂದೆ ಅದು ಏನೂ ಅಲ್ಲ. ನಾವು ಕೊಟ್ಟಿದ್ದೂ ದೊಡ್ಡ ಡೋಸು, ಅದನ್ನು ಮೆಡಿಕಲ್ ಶಾಪಿನ 400 ಮಿಲಿಗ್ರಾಂ ಕ್ಯಾಪ್ಸೂಲಿಗೆ ಹೊಂದಿಸಲು ಹೋಗಬೇಡಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರು ಡಾಕ್ಟರಿಗೆ ಹೇಳದೆ ಹೆಚ್ಚಿನ ಪ್ರಮಾಣದ ವಿಟಮಿನ್ ಇ ಶುರು ಮಾಡಬಾರದು ಅನ್ನುವುದು ಬೇರೆ ಮಾತು. ಅಲ್ಲಿ ತೊಡಕು ವಿಟಮಿನ್ ಕೆ ಜೊತೆ.

ನಡುವೆ ಅಡುಗೆಮನೆಯ ಪಾಮ್ ಎಣ್ಣೆಯನ್ನೂ ಒಂದು ಗುಂಪಿಗೆ ಕೊಟ್ಟು ನೋಡಿದೆ. ಅದರಲ್ಲಿ ವಿಟಮಿನ್ ಇಯ ಇನ್ನೊಂದು ರೂಪವಾದ ಟೋಕೋಟ್ರೈನಾಲ್ ಇದೆ, ಪಿಎಕ್ಸ್‌ಆರ್ ವಿಷಯದಲ್ಲಿ ಅದು ಆಲ್ಫಾಗಿಂತ ಚುರುಕು. ಆದರೆ ಸಂಸ್ಕರಿಸಿದ ಎಣ್ಣೆಯಲ್ಲಿ ಎಷ್ಟು ಉಳಿದಿದೆ ಅಂತ ಅಳೆಯಲು ಎಚ್‌ಪಿಎಲ್‌ಸಿಗೆ (ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ದುಡ್ಡಿಲ್ಲ. ಆ ಪೆಲೆಟ್‌ಗಳು ಫ್ರೀಜರಿನಲ್ಲಿ ಹಾಗೇ ಇವೆ.