ಸಂಶೋಧನಾ ಅನುದಾನ ಬಂತು, ಕಡತ ನಡೆಸುವುದು ಹೇಗೆ?

ಯೋಜನೆ ಮಂಜೂರಾದ ದಿನ ವಿಭಾಗದಲ್ಲಿ ಸಿಹಿ ಹಂಚುತ್ತಾರೆ, ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಫೋಟೊ ಬರುತ್ತದೆ. ಆ ಹಣವನ್ನು ಮೂರು ವರ್ಷ ಲೆಕ್ಕ ತಪ್ಪದಂತೆ ನಡೆಸುವ ಕೆಲಸ ಮಾತ್ರ ಪ್ರಧಾನ ಸಂಶೋಧಕರು ಮತ್ತು ಆಡಳಿತ ಭವನದ ಪ್ರಾಜೆಕ್ಟ್ ಸೆಕ್ಷನ್ ಪಾಲಿಗೆ ಉಳಿಯುತ್ತದೆ. ಒಬ್ಬರಿಗೆ ಲೆಕ್ಕ ಗೊತ್ತಿಲ್ಲ, ಇನ್ನೊಬ್ಬರಿಗೆ ಪ್ರಯೋಗ ಗೊತ್ತಿಲ್ಲ. ನಡುವೆ ನಿಯಮಗಳೂ ಬದಲಾಗುತ್ತವೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯವೊಂದರ ಅಧ್ಯಾಪಕರಿಗೆ ಕೇಂದ್ರ ಸರ್ಕಾರದ ಏಜೆನ್ಸಿಯಿಂದ ಅನುದಾನ ಬಂದಿದೆ ಎಂದಿಟ್ಟುಕೊಂಡು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಮೊದಲು ಮಂಜೂರಾತಿ ಆದೇಶ

ಆದೇಶದಲ್ಲಿ ಒಟ್ಟು ಮೊತ್ತ ನೋಡಿ ಖುಷಿಪಟ್ಟು ಕಡತಕ್ಕೆ ಸೇರಿಸಿಬಿಡುವವರೇ ಹೆಚ್ಚು. ಓದಬೇಕಾದದ್ದು ಶರತ್ತುಗಳ ಪುಟ ಮತ್ತು ಹಣ ಯಾವ ಶೀರ್ಷಿಕೆಗಳಲ್ಲಿ ಹಂಚಿಕೆಯಾಗಿದೆ ಎನ್ನುವುದು. ಉಪಕರಣದ ಹಣ ಬಂಡವಾಳ ಶೀರ್ಷಿಕೆಯಲ್ಲಿ ಬರುತ್ತದೆ. ಸಂಬಳ, ರಾಸಾಯನಿಕ, ಪ್ರಯಾಣ, ಸಾದಿಲ್ವಾರು, ಓವರ್‌ಹೆಡ್ ಇವು ಬೇರೆ. ಉಪಕರಣದಲ್ಲಿ ಉಳಿದ ಹಣದಿಂದ ರಾಸಾಯನಿಕ ತರಿಸುವಂತಿಲ್ಲ; ತರಿಸಲೇಬೇಕಾದರೆ ಏಜೆನ್ಸಿಯ ಲಿಖಿತ ಅನುಮತಿ ಮೊದಲು, ಖರ್ಚು ಆಮೇಲೆ. ಆದೇಶದ ಪ್ರತಿಯೊಂದನ್ನು ವಿತ್ತಾಧಿಕಾರಿಗಳ ಕಚೇರಿಗೆ ಅದೇ ವಾರ ಕೊಡಿ.

ಓವರ್‌ಹೆಡ್ ಬಗ್ಗೆ ಒಂದು ಮಾತು. ಅದು ಕರೆಂಟು, ನೀರು, ಕಚೇರಿ ಕೆಲಸಕ್ಕೆಂದು ಸಂಸ್ಥೆಗೆ ಬರುವ ಹಣ. ಅದರಲ್ಲಿ ಪ್ರಯೋಗಾಲಯಕ್ಕೆಷ್ಟು ಎಂಬ ಜಗಳ ಇಲ್ಲದ ಕ್ಯಾಂಪಸ್ ಅಪರೂಪ. ಸಿಂಡಿಕೇಟ್ ಒಮ್ಮೆ ಕೂತು ಹಂಚಿಕೆಯ ಪ್ರಮಾಣ ನಿಗದಿ ಮಾಡಿದರೆ ಮುಗಿಯುವ ಜಗಳವಿದು, ಮಾಡುವುದಿಲ್ಲ, ಅಷ್ಟೇ.

ಹಣ ಬರುವ ದಾರಿ

ಮುಂಚೆ ಕಂತಿನ ಹಣ ವಿಶ್ವವಿದ್ಯಾಲಯದ ಬ್ಯಾಂಕ್ ಖಾತೆಗೆ ಬಂದು ಕೂರುತ್ತಿತ್ತು. ಈಗ ಅನೇಕ ಕೇಂದ್ರ ಯೋಜನೆಗಳಲ್ಲಿ ಶೂನ್ಯ ಶಿಲ್ಕಿನ ಖಾತೆ, ಖರ್ಚಿಗೊಂದು ಮಿತಿ. ಬಿಲ್ ಪಾಸಾದಾಗ ಮಾತ್ರ ಹಣ ಹೊರಡುತ್ತದೆ. ಕೇಂದ್ರದ ಹಣ ಪಾವತಿಯ ಆನ್‌ಲೈನ್ ವ್ಯವಸ್ಥೆಯಾದ ಪಿಎಫ್‌ಎಂಎಸ್‌ನಲ್ಲಿ ಒಬ್ಬರು ಬಿಲ್ ದಾಖಲಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು. ಇಬ್ಬರಲ್ಲಿ ಒಬ್ಬರು ರಜೆ ಹಾಕಿದರೂ ಪಾವತಿ ನಿಲ್ಲುತ್ತದೆ, ಆದ್ದರಿಂದ ಬದಲಿ ವ್ಯವಸ್ಥೆ ಮೊದಲೇ ಮಾಡಿಕೊಳ್ಳಿ. ರಿಸರ್ವ್ ಬ್ಯಾಂಕಿನ ಖಾತೆಯ ಮೂಲಕ ಮಿತಿ ಬರುವ ಯೋಜನೆಗಳಲ್ಲಿ ಮಾರ್ಚ್ 31ಕ್ಕೆ ಬಳಸದೆ ಉಳಿದ ಮಿತಿ ರದ್ದಾಗುತ್ತದೆ. ಮಾರ್ಚ್ ಕೊನೆಯ ವಾರಕ್ಕೆಂದು ಬಿಲ್ ಕೂಡಿಡುವ ಹಳೆಯ ರೂಢಿ ಇಲ್ಲಿ ನಡೆಯದು. ಫೆಬ್ರುವರಿಯಲ್ಲೇ ಕಪಾಟು ಖಾಲಿಯಾಗಿರಬೇಕು.

ಜನರನ್ನು ತೆಗೆದುಕೊಳ್ಳುವಾಗ

ಪ್ರಕಟಣೆ, ಆಯ್ಕೆ ಸಮಿತಿ, ಯೋಜನೆ ಮುಗಿದಾಗ ನೇಮಕವೂ ಮುಗಿಯುತ್ತದೆ ಎಂಬ ಒಕ್ಕಣೆಯ ಆದೇಶ: ಇಷ್ಟು ಎಲ್ಲರಿಗೂ ಗೊತ್ತಿರುವುದೇ. ತೊಂದರೆ ಬರುವುದು ದರ ಪರಿಷ್ಕರಣೆಯಾದಾಗ. 2023ರ ಜೂನ್‌ನಲ್ಲಿ ಹೊರಟ ಆದೇಶ ಕಿರಿಯ ಸಂಶೋಧನಾ ಫೆಲೊಗಳ (ಜೆಆರ್‌ಎಫ್) ಮೊತ್ತವನ್ನು ತಿಂಗಳಿಗೆ 31,000ದಿಂದ 37,000 ರೂಪಾಯಿಗೆ, ಹಿರಿಯ ಫೆಲೊಗಳ (ಎಸ್‌ಆರ್‌ಎಫ್) ಮೊತ್ತವನ್ನು 35,000ದಿಂದ 42,000ಕ್ಕೆ ಏರಿಸಿತು. ಜಾರಿ ಮಾತ್ರ ಅದೇ ವರ್ಷದ ಜನವರಿ 1ರಿಂದ. ಅಂದರೆ ಆದೇಶ ಕೈಗೆ ಬರುವಷ್ಟರಲ್ಲಿ ಒಬ್ಬ ಜೆಆರ್‌ಎಫ್‌ಗೆ ಆರು ತಿಂಗಳ ಬಾಕಿಯೇ 36,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆಯ ವ್ಯತ್ಯಾಸ.

ಆ ಭತ್ಯೆಯೂ ಊರನ್ನು ನೋಡಿ ಬದಲಾಗುತ್ತದೆ. ಕೇಂದ್ರದ ದರ 2024ರ ಜನವರಿಯಿಂದ ಶೇ 30, 20, 10. ಅದೇ 37,000ಕ್ಕೆ ಬೆಂಗಳೂರಿನಲ್ಲಿ 11,100, ಮೈಸೂರಿನಲ್ಲಿ 7,400, ಶಂಕರಘಟ್ಟದಂಥ ಜಾಗದಲ್ಲಿ 3,700. ಬಜೆಟ್ ಬರೆಯುವಾಗ ಬೆಂಗಳೂರಿನ ಸ್ನೇಹಿತರ ಪ್ರಸ್ತಾವವನ್ನು ನಕಲು ಮಾಡಿದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ದರ ಏರಿದ ಮಾತ್ರಕ್ಕೆ ಮಂಜೂರಾದ ಮೊತ್ತ ತಾನಾಗಿ ಏರುವುದಿಲ್ಲ. ಎಷ್ಟು ಕೊರತೆ ಎಂದು ಲೆಕ್ಕ ಹಾಕಿ ಹೆಚ್ಚುವರಿ ಹಣಕ್ಕೋ ಮರುಹೊಂದಾಣಿಕೆಗೋ ಏಜೆನ್ಸಿಗೆ ಬರೆಯಬೇಕು. ಪಾಪ, ಅಲ್ಲಿಯವರೆಗೆ ಕಾಯುವವರು ಸಂಶೋಧನಾ ವಿದ್ಯಾರ್ಥಿಗಳು. ಆದ್ದರಿಂದ ಈ ಪತ್ರ ಮೇಜಿನ ಮೇಲೆ ಮಲಗಬಾರದು.

ಖರೀದಿ

ಇಂಡೆಂಟ್ (ಖರೀದಿಯ ಬೇಡಿಕೆ ಪತ್ರ) ಹಾಕುವ ಮೊದಲು ವಸ್ತು ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಅಲ್ಲಿಂದಲೇ ಲಭ್ಯತಾ ವರದಿ ಇಳಿಸಿಕೊಂಡು ಕಡತಕ್ಕೆ ಹಾಕಿ. ವೈಜ್ಞಾನಿಕ ಸಂಶೋಧನೆಯ ಸಾಮಗ್ರಿಗೆಂದು 2025ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ತನ್ನ ಸಾಮಾನ್ಯ ಹಣಕಾಸು ನಿಯಮಗಳನ್ನು (ಜಿಎಫ್‌ಆರ್) ಸಡಿಲಿಸಿತು: ಕೊಟೇಶನ್ ಇಲ್ಲದೆ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ, ಖರೀದಿ ಸಮಿತಿಯ ಮೂಲಕ ಕೊಳ್ಳುವ ಮಿತಿ 10ರಿಂದ 25 ಲಕ್ಷಕ್ಕೆ ಏರಿತು. ಸುದ್ದಿ ಓದಿದ ಕೂಡಲೇ ಇದು ತಮಗೂ ಅನ್ವಯ ಎಂದು ರಾಜ್ಯ ವಿಶ್ವವಿದ್ಯಾಲಯದವರು ಊಹಿಸಿಕೊಳ್ಳಬಾರದು. ನಮ್ಮಲ್ಲಿ ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆಗೆಂದು ರಾಜ್ಯ ಮಾಡಿದ 1999ರ ಕೆಟಿಪಿಪಿ ಕಾಯ್ದೆ ಇದೆ, ಮಂಜೂರಾತಿ ಆದೇಶದ ಶರತ್ತು ಇದೆ. ಎರಡನ್ನೂ ಇಟ್ಟು ಟಿಪ್ಪಣಿ ಬರೆದು ವಿತ್ತಾಧಿಕಾರಿಗಳ ಅಭಿಪ್ರಾಯ ಪಡೆದ ಮೇಲೆಯೇ ಹೊಸ ಮಿತಿ ಬಳಸಿ.

ತೆರಿಗೆಯ ಕಥೆ ಇನ್ನೊಂದು. ಸಂಶೋಧನಾ ಸಂಸ್ಥೆಗಳಿಗೆ ಉಪಕರಣದ ಮೇಲಿದ್ದ ಶೇ 5ರ ರಿಯಾಯಿತಿ ಜಿಎಸ್‌ಟಿ 2022ರ ಜುಲೈ 18ರಂದು ಹೋಯಿತು. ಶೇ 18ರ ಪಟ್ಟಿಯಲ್ಲಿದ್ದ 20 ಲಕ್ಷದ ಉಪಕರಣಕ್ಕೆ 1 ಲಕ್ಷ ಇದ್ದ ತೆರಿಗೆ 3.60 ಲಕ್ಷವಾಯಿತು, ಮಂಜೂರಾತಿ ಇದ್ದಷ್ಟೇ ಇತ್ತು. 2025ರ ಸೆಪ್ಟೆಂಬರ್ 22ರಿಂದ ದರಪಟ್ಟಿ ಮತ್ತೆ ಬದಲಾಗಿದೆ. ಹಾಗಾಗಿ ಸರಕಿನ ವರ್ಗ ತಿಳಿಸುವ ಎಚ್‌ಎಸ್‌ಎನ್ ಕೋಡ್ ಮತ್ತು ತೆರಿಗೆ ದರ ನಮೂದಿಸದ ಕೊಟೇಶನ್ ತೆಗೆದುಕೊಳ್ಳಲೇಬೇಡಿ.

ಹೊಸ ಸುತ್ತೋಲೆ ಬಂದಾಗ

ಕೇಳಬೇಕಾದದ್ದು ಮೂರು. ಹೊರಡಿಸಿದವರು ಯಾರು? ಹಣ ಕೊಟ್ಟ ಏಜೆನ್ಸಿಯೋ, ಹಣಕಾಸು ಸಚಿವಾಲಯವೋ, ಯುಜಿಸಿಯೋ, ರಾಜ್ಯ ಸರ್ಕಾರವೋ? ಯಾವ ತಾರೀಖಿನಿಂದ? ನಡೆಯುತ್ತಿರುವ ಯೋಜನೆಗೂ ಉಂಟೋ, ಹೊಸದಕ್ಕೆ ಮಾತ್ರವೋ? ಬಹುಪಾಲು ಲೆಕ್ಕಪರಿಶೋಧನಾ ಆಕ್ಷೇಪಣೆ ಹುಟ್ಟುವುದು ಎರಡನೆಯದನ್ನು ಕೇಳದೆ ಇರುವುದರಿಂದ ಎನ್ನುವುದು ನನ್ನ ಅನಿಸಿಕೆ. ಖರೀದಿ ಆದೇಶ ಹಳೆಯ ನಿಯಮದಲ್ಲಿ, ಬಿಲ್ ಹೊಸ ನಿಯಮದಲ್ಲಿ ಬಂದರೆ ಯಾವ ದಿನಾಂಕವನ್ನು ಹಿಡಿದಿರಿ, ಏಕೆ ಎಂದು ಟಿಪ್ಪಣಿಯಲ್ಲಿ ಎರಡು ಸಾಲು ಬರೆದಿಡಿ.

ಹೆಸರು ಬದಲಾದರೂ ಗಮನ ಬೇಕು. 2024ರ ಫೆಬ್ರುವರಿ 5ರಂದು ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆ ಜಾರಿಗೆ ಬಂದು, ಅದುವರೆಗೆ ಅನುದಾನ ಕೊಡುತ್ತಿದ್ದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ (ಎಸ್‌ಇಆರ್‌ಬಿ) ಅದರಲ್ಲಿ ವಿಲೀನವಾಯಿತು. ಎಸ್‌ಇಆರ್‌ಬಿ ಕಾಲದಲ್ಲಿ ಮಂಜೂರಾದ ಯೋಜನೆಗಳ ಕಡತದಲ್ಲಿ ಈ ವಿಲೀನದ ಆದೇಶದ ಪ್ರತಿ ಇರಲಿ. ಮೂರು ವರ್ಷದ ನಂತರ ಬರುವ ಲೆಕ್ಕಪರಿಶೋಧಕರಿಗೆ ಎರಡು ಹೆಸರು ಏಕೆ ಎಂದು ಯಾರು ವಿವರಿಸುತ್ತಾರೆ?

ಬಳಕೆ ಪ್ರಮಾಣಪತ್ರ

ಎಲ್ಲರೂ ಯುಸಿ ಎನ್ನುವ ಇದು ಜಿಎಫ್‌ಆರ್ 12-ಎ ನಮೂನೆಯಲ್ಲಿರಬೇಕು. ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಎಂದು ನಿಯಮ ಹೇಳುತ್ತದೆ. ಆದರೆ ಮುಂದಿನ ಕಂತು ಬೇಕಿದ್ದರೆ ಏಪ್ರಿಲ್‌ನಲ್ಲೇ ಕೂತು ಬರೆಯುವುದು ಕ್ಷೇಮ.

ಹಣ ಇನ್ನೂ ಬ್ಯಾಂಕ್ ಖಾತೆಗೇ ಬರುವ ಯೋಜನೆಯದೊಂದು ಲೆಕ್ಕ ಹಿಡಿಯೋಣ. ಪ್ರಾರಂಭಿಕ ಶಿಲ್ಕು 1.20 ಲಕ್ಷ, ವರ್ಷದಲ್ಲಿ ಬಂದದ್ದು 8 ಲಕ್ಷ, ಬ್ಯಾಂಕ್ ಬಡ್ಡಿ 14 ಸಾವಿರ: ಒಟ್ಟು 9.34 ಲಕ್ಷ. ಪಾವತಿಸಿದ್ದು 7.45 ಲಕ್ಷ. ಉಳಿಕೆ 1.89 ಲಕ್ಷ. ಮಾರ್ಚ್ 20ಕ್ಕೆ ಒಂದೂವರೆ ಲಕ್ಷದ ಪಂಪ್‌ಗೆ ಖರೀದಿ ಆದೇಶ ಹೋಗಿದೆ, ಸಾಮಾನು ಬರುವುದು ಏಪ್ರಿಲ್‌ನಲ್ಲಿ. ಈ ಒಂದೂವರೆ ಲಕ್ಷವನ್ನು ಖರ್ಚೆಂದು ತೋರಿಸಿದರೆ ಉಳಿಕೆ 39 ಸಾವಿರಕ್ಕೆ ಇಳಿಯುತ್ತದೆ, ಬ್ಯಾಂಕ್ ಪುಸ್ತಕ 1.89 ಲಕ್ಷವನ್ನೇ ಹೇಳುತ್ತದೆ, ಯುಸಿ ವಾಪಸ್ ಬರುತ್ತದೆ. ಅದನ್ನು ಬದ್ಧ ವೆಚ್ಚ ಎಂದು ಪ್ರತ್ಯೇಕವಾಗಿ ತೋರಿಸಿ. ಬಡ್ಡಿಯ 14 ಸಾವಿರ ವಿಶ್ವವಿದ್ಯಾಲಯದ್ದೂ ಅಲ್ಲ, ಪ್ರಯೋಗಾಲಯದ್ದೂ ಅಲ್ಲ. ಸರ್ಕಾರಕ್ಕೆ ಹಣ ಕಟ್ಟುವ ಭಾರತ್‌ಕೋಶ್ ಪೋರ್ಟಲ್ ಮೂಲಕ ಕೇಂದ್ರದ ಸಂಚಿತ ನಿಧಿಗೆ ಕಟ್ಟಿ ರಸೀದಿ ಲಗತ್ತಿಸಬೇಕು. ಶೀರ್ಷಿಕೆವಾರು ಖರ್ಚಿನ ಪಟ್ಟಿಯ ಮೊತ್ತವೂ ಯುಸಿಯ ಮೊತ್ತವೂ ಪೈಸೆಗೆ ಪೈಸೆ ತಾಳೆಯಾದ ಮೇಲೆ ಪ್ರಧಾನ ಸಂಶೋಧಕರು, ವಿತ್ತಾಧಿಕಾರಿಗಳು, ಸಂಸ್ಥೆಯ ಮುಖ್ಯಸ್ಥರ ಸಹಿ.

ಯೋಜನೆ ಮುಗಿದಾಗ, ಅಥವಾ ಸಂಶೋಧಕರು ಊರು ಬಿಟ್ಟಾಗ

ಉಪಕರಣಗಳು ಸ್ಥಿರಾಸ್ತಿ ವಹಿಯಲ್ಲಿ ದಾಖಲಾಗಿರಬೇಕು. ಏಜೆನ್ಸಿಯ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ, ಬೇರೆಯವರಿಗೆ ಕೊಡುವಂತಿಲ್ಲ. ನಡುವೆ ಪ್ರಧಾನ ಸಂಶೋಧಕರು ಬೇರೆ ವಿಶ್ವವಿದ್ಯಾಲಯಕ್ಕೆ ಹೋದರೆ ಯೋಜನೆ ತಾನಾಗಿ ಅವರ ಹಿಂದೆ ಹೋಗುವುದಿಲ್ಲ. ಎರಡೂ ಸಂಸ್ಥೆಗಳ ನಿರಾಕ್ಷೇಪಣಾ ಪತ್ರ, ಅಂದಿನವರೆಗಿನ ಯುಸಿ, ಏಜೆನ್ಸಿಯ ಅನುಮತಿ ಇಷ್ಟೂ ಬಂದ ಮೇಲೆಯೇ ಕಾರ್ಯಮುಕ್ತಿ ಆದೇಶಕ್ಕೆ ಕುಲಸಚಿವರು ಸಹಿ ಹಾಕಲಿ. ಜೆಆರ್‌ಎಫ್‌ಗಳ ಬಾಕಿ ಸಂಬಳವನ್ನು ಹಳೆಯ ಸಂಸ್ಥೆಯೇ ಕೊಟ್ಟು ಮುಗಿಸಿರಬೇಕು.