ನಾಯಿ, ಬೆಕ್ಕಿನ ಆಹಾರ ಕೊಳ್ಳುವ ಮೊದಲು ಚೀಲ ತಿರುಗಿಸಿ ನೋಡಿ

ಚೀಲದ ಮುಂಭಾಗ ಜಾಹೀರಾತಿನವರ ಜಾಗ. ‘ಪ್ರೀಮಿಯಂ’, ‘ಹೋಲಿಸ್ಟಿಕ್’ ಅಂತ ಯಾವ ಕಂಪನಿ ಬೇಕಾದರೂ ಅಚ್ಚು ಹಾಕಿಸಬಹುದು, ಅದಕ್ಕೆ ಅಳತೆಗೋಲಿಲ್ಲ. ನಿಮಗೆ ಬೇಕಾದ್ದೆಲ್ಲ ಹಿಂಭಾಗದ ಸಣ್ಣಕ್ಷರದಲ್ಲಿರುತ್ತದೆ.

ಅಲ್ಲಿ ಮೊದಲು ಹುಡುಕಬೇಕಾದ್ದು ‘ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್’ ಅಥವಾ ಬರೀ ‘ಕಂಪ್ಲೀಟ್’ ಎಂಬ ಮಾತು (ಇದೊಂದೇ ಸಂಪೂರ್ಣ ಆಹಾರ ಎಂದರ್ಥ), ಜೊತೆಗೆ ಯಾವ ವಯಸ್ಸಿಗೆ ಎಂಬ ವಿವರ. ‘ಕಾಂಪ್ಲಿಮೆಂಟರಿ’ ಅಂತಿದ್ದರೆ ಅದು ನಂಜಿಕೊಳ್ಳುವ ಪದಾರ್ಥ, ಊಟವಲ್ಲ. ಬೆಕ್ಕುಗಳು ಆಸೆಪಟ್ಟು ನೆಕ್ಕುವ ಕ್ರೀಮಿನ ಟ್ಯೂಬುಗಳು ಸಾಮಾನ್ಯವಾಗಿ ಈ ಜಾತಿಯವು. ಅದನ್ನೇ ತಿಂಗಳುಗಟ್ಟಲೆ ಹಾಕಿದರೆ ಹೊಟ್ಟೆ ತುಂಬುತ್ತದೆ, ಪೋಷಣೆ ಸಿಗುವುದಿಲ್ಲ. ಇನ್ನೊಂದು ಮಾತು: ಅಮೆರಿಕದ ಆಫ್ಕೊ (AAFCO) ಸಂಸ್ಥೆ ಪೋಷಕಾಂಶಗಳ ಪ್ರಮಾಣ ನಿಗದಿ ಮಾಡುತ್ತದೆಯೇ ಹೊರತು ಯಾವ ಆಹಾರವನ್ನೂ ಪರೀಕ್ಷಿಸಿ ಒಪ್ಪಿಗೆ ಕೊಡುವುದಿಲ್ಲ. ‘ಆಫ್ಕೊ ಅನುಮೋದಿತ’ ಅಂತ ಯಾರಾದರೂ ಬರೆದಿದ್ದರೆ ಅವರ ಉಳಿದ ಮಾತುಗಳನ್ನೂ ಅನುಮಾನದಿಂದಲೇ ಓದಿ.

ದೊಡ್ಡ ತಳಿಯ ನಾಯಿಮರಿಗೆ ಕೊಳ್ಳುವಾಗ ‘ದೊಡ್ಡ ತಳಿಯ ಮರಿಗಳಿಗೂ ಹೊಂದುತ್ತದೆ’ ಎಂಬ ಸಾಲು ಇರಲೇಬೇಕು. ಎಳೆಯ ಮರಿಯ ಕರುಳು ಹೆಚ್ಚಾದ ಕ್ಯಾಲ್ಸಿಯಂ ಅನ್ನು ತಡೆಯಲಾರದು, ಎಷ್ಟು ಕೊಟ್ಟರೂ ಹೀರಿಕೊಳ್ಳುತ್ತಾ ಹೋಗುತ್ತದೆ. ಮೂಳೆ, ಕೀಲು ಸೊಟ್ಟಗಾಗುವುದು ಹೀಗೆ. ಸಂಪೂರ್ಣ ಆಹಾರದ ಮೇಲೆ ಪ್ರೀತಿಯಿಂದ ಕ್ಯಾಲ್ಸಿಯಂ ಪುಡಿ ಉದುರಿಸುವುದು ಅದಕ್ಕೇ ಅಪಾಯ.

ನಾಯಿಯ ಆಹಾರ ಬೆಕ್ಕಿಗೆ ಆಗದು. ಬೆಕ್ಕಿಗೆ ಪ್ರೋಟೀನ್ ಹೆಚ್ಚು ಬೇಕು. ಆಫ್ಕೊ ಲೆಕ್ಕದಲ್ಲಿ ನೀರಿನಂಶ ಕಳೆದ ಮೇಲೆ ವಯಸ್ಕ ನಾಯಿಗೆ ಕನಿಷ್ಠ ಶೇ 18, ಬೆಕ್ಕಿಗೆ ಶೇ 26. ಜೊತೆಗೆ ಟಾರಿನ್ ಎಂಬ ಅಂಶವನ್ನು ಬೆಕ್ಕಿನ ದೇಹ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅದು ಕಡಿಮೆಯಾದರೆ ಕಣ್ಣಿನ ರೆಟಿನಾ ಹಾಳಾಗುತ್ತದೆ, ಹೃದಯದ ಸ್ನಾಯು ಸೋಲುತ್ತದೆ.

ಈಗ ಪದಾರ್ಥಗಳ ಪಟ್ಟಿಗೆ ಬನ್ನಿ. ಬೇಯಿಸುವ ಮುಂಚಿನ ತೂಕದಲ್ಲಿ ಹೆಚ್ಚಿನದು ಮೊದಲು ಬರುತ್ತದೆ. ಇಲ್ಲೇ ಜನ ಮೋಸಹೋಗುವುದು. ಹಸಿ ಕೋಳಿಮಾಂಸದಲ್ಲಿ ಹೆಚ್ಚುಕಡಿಮೆ ಶೇ 70 ನೀರೇ, ಹಾಗಾಗಿ ಪಟ್ಟಿಯಲ್ಲಿ ಮೊದಲು ನಿಂತ ಚಿಕನ್ ಒಣಗಿದ ಮೇಲೆ ಮೂರನೆಯದೋ ನಾಲ್ಕನೆಯದೋ ಆಗಬಹುದು. ‘ಚಿಕನ್ ಮೀಲ್’ ಅಂದರೆ ನೀರು, ಕೊಬ್ಬು ತೆಗೆದು ಪುಡಿಮಾಡಿದ್ದು. ಹೆಸರು ಕೇಳಲು ಚೆನ್ನಾಗಿಲ್ಲದಿದ್ದರೂ ಅದರಲ್ಲಿ ಪ್ರೋಟೀನ್ ಹೆಚ್ಚು. ಪ್ರಾಣಿಯ ಹೆಸರೇ ಹೇಳದ ‘ಮೀಟ್ ಮೀಲ್’ ಬಗ್ಗೆ ಎಚ್ಚರ ಇರಲಿ, ಒಂದೊಂದು ಸಲ ಒಂದೊಂದು ಮಾಂಸ ಇರಬಹುದು. ಅಲರ್ಜಿ ಇರುವ ಪ್ರಾಣಿಗೆ ಅದು ಬೇಡ. ಬಟಾಣಿ, ಬಟಾಣಿ ಹಿಟ್ಟು, ಬಟಾಣಿ ನಾರು ಎಂದು ಒಂದೇ ಕಾಳನ್ನು ಮೂರು ಹೆಸರಲ್ಲಿ ಒಡೆದು ಬರೆದಿದ್ದರೆ ಮೂರನ್ನೂ ಮನಸ್ಸಿನಲ್ಲೇ ಕೂಡಿಸಿ ನೋಡಿ. ಆಗ ಮೊದಲ ಸ್ಥಾನ ಕೋಳಿಯದೋ ಬಟಾಣಿಯದೋ ಗೊತ್ತಾಗುತ್ತದೆ. ಹೆಸರಿಗೂ ಲೆಕ್ಕವಿದೆ: ಆಫ್ಕೊ ನಿಯಮದಲ್ಲಿ ‘ವಿತ್ ಚಿಕನ್’ ಅಂದರೆ ಚಿಕನ್ ಶೇ 3 ಇದ್ದರೆ ಸಾಕು, ‘ಚಿಕನ್ ಫ್ಲೇವರ್’ ಅಂದರೆ ರುಚಿ ತಾಗಿದರೆ ಸಾಕು.

ಒಣ ಆಹಾರವನ್ನೂ ಡಬ್ಬಿಯಲ್ಲಿ ಬರುವ ತೇವದ ಆಹಾರವನ್ನೂ ಹೋಲಿಸುವಾಗ ನೀರು ತೆಗೆದು ಲೆಕ್ಕ ಹಾಕಿ. ಒಣ ಚೀಲದ ಮೇಲೆ ಪ್ರೋಟೀನ್ 26, ತೇವಾಂಶ 10 ಎಂದಿದೆ ಅಂದುಕೊಳ್ಳಿ. ನೂರರಲ್ಲಿ ನೀರು ಕಳೆದರೆ ಉಳಿಯುವುದು 90. 26ನ್ನು 90ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಮಾರು ಶೇ 29. ಡಬ್ಬಿಯ ಮೇಲೆ ಪ್ರೋಟೀನ್ 10, ತೇವಾಂಶ 78 ಎಂದಿದ್ದರೆ 10ನ್ನು 22ರಿಂದ ಭಾಗಿಸಬೇಕು, ಬರುವುದು ಸುಮಾರು ಶೇ 45. ನೋಡಲು ಬಡಕಲಾಗಿದ್ದ ಡಬ್ಬಿಯೇ ಗೆದ್ದಿತು.

ಆದರೆ ಈ ಪ್ರೋಟೀನ್ ಅಂಕಿಯನ್ನೇ ಕಣ್ಣುಮುಚ್ಚಿ ನಂಬಬೇಡಿ. ಪ್ರಯೋಗಾಲಯ ಅಳೆಯುವುದು ಸಾರಜನಕವನ್ನು, ಅದನ್ನು 6.25ರಿಂದ ಗುಣಿಸಿದರೆ ‘ಕ್ರೂಡ್ ಪ್ರೋಟೀನ್’. 2007ರಲ್ಲಿ ಗೋಧಿ ಗ್ಲುಟೆನ್‌ಗೆ ಮೆಲಮೈನ್ ಎಂಬ ಸಾರಜನಕ ಹೆಚ್ಚಿರುವ ರಾಸಾಯನಿಕ ಬೆರೆಸಿ ಇದೇ ಅಂಕಿಯನ್ನು ಉಬ್ಬಿಸಿದ್ದರು. ಅದನ್ನು ತಿಂದ ನಾಯಿ, ಬೆಕ್ಕುಗಳ ಕಿಡ್ನಿ ಹೋಯಿತು, ಆಹಾರವನ್ನು ಭಾರಿ ಪ್ರಮಾಣದಲ್ಲಿ ವಾಪಸ್ ತರಿಸಿಕೊಳ್ಳಬೇಕಾಯಿತು. ಹಾಗಾಗಿ ಕಂಪನಿಗೆ ನೇರವಾಗಿ ಕೇಳಿ: ಸೂತ್ರ ರೂಪಿಸಿದ ಪೋಷಣಾತಜ್ಞರು ಯಾರು, ತಯಾರಿ ಸ್ವಂತ ಕಾರ್ಖಾನೆಯಲ್ಲೋ, ಪ್ರತಿ ಬ್ಯಾಚ್ ಪರೀಕ್ಷೆ ಆಗುತ್ತದೋ. ಉತ್ತರ ಕೊಡದ ಕಂಪನಿಯ ಚೀಲ ಬಿಟ್ಟುಬಿಡಿ.

ಎಷ್ಟು ಹಾಕಬೇಕು? ಚೀಲದ ಮೇಲಿನ ಪಟ್ಟಿ ಬರೀ ಅಂದಾಜು. ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದು ಪ್ರಾಣಿಯ ತೂಕವನ್ನು ಅದರಿಂದಲೇ ಎರಡು ಸಲ ಗುಣಿಸಿ, ವರ್ಗಮೂಲದ ಗುಂಡಿ ಎರಡು ಸಲ ಒತ್ತಿ, 70ರಿಂದ ಗುಣಿಸಿ. 10 ಕಿಲೋ ನಾಯಿಗೆ: 1000, 31.6, 5.62, ಕೊನೆಗೆ ಸುಮಾರು 394 ಕಿಲೋಕ್ಯಾಲೊರಿ. ಇದು ಸುಮ್ಮನೆ ಮಲಗಿದ್ದರೂ ಬೇಕಾಗುವ ಶಕ್ತಿ. ಸಂತಾನಹರಣ ಆದ ವಯಸ್ಕ ನಾಯಿಗಾದರೆ ಇದರ 1.6 ಪಟ್ಟು, ಅಂದರೆ 630. ಬೆಕ್ಕಿಗೆ 1.2 ಪಟ್ಟು, 4 ಕಿಲೋ ಬೆಕ್ಕಿಗೆ ಸುಮಾರು 238. ಕಿಲೋಗೆ 3,600 ಕಿಲೋಕ್ಯಾಲೊರಿ ಇರುವ ಒಣ ಆಹಾರವಾದರೆ ಆ ನಾಯಿಗೆ ದಿನಕ್ಕೆ 175 ಗ್ರಾಂ, ಬೆಕ್ಕಿಗೆ 66 ಗ್ರಾಂ. ತಕ್ಕಡಿಯಲ್ಲೇ ತೂಗಿ, ಲೋಟದ ಅಳತೆ ಕೈಯಿಂದ ಕೈಗೆ ಬದಲಾಗುತ್ತದೆ. ಬಿಸ್ಕತ್ತು, ತಿಂಡಿ ಎಲ್ಲ ಸೇರಿ ದಿನದ ಕ್ಯಾಲೊರಿಯ ಹತ್ತರಲ್ಲೊಂದು ಭಾಗ ದಾಟಬಾರದು. ಎರಡು ವಾರ ಬಿಟ್ಟು ಪಕ್ಕೆ ಸವರಿ ನೋಡಿ: ಒತ್ತದೆಯೇ ಎಲುಬು ಕೈಗೆ ಸಿಗಬೇಕು, ಕಣ್ಣಿಗೆ ಕುಕ್ಕಬಾರದು.

ಚೀಲವನ್ನು ಪ್ಲಾಸ್ಟಿಕ್ ಡಬ್ಬಕ್ಕೆ ಸುರಿಯಬೇಡಿ. ತಳದಲ್ಲಿ ಅಂಟಿದ ಹಳೆಯ ಕೊಬ್ಬು ಕಮಟು ಹಿಡಿದು ಹೊಸದನ್ನೂ ಕೆಡಿಸುತ್ತದೆ. ಚೀಲದ ಸಮೇತ ಡಬ್ಬದಲ್ಲಿಟ್ಟರೆ ಬ್ಯಾಚ್ ಸಂಖ್ಯೆಯೂ ಉಳಿಯುತ್ತದೆ. ತೆರೆದ ಮೇಲೆ ಆರು ವಾರದೊಳಗೆ ಮುಗಿಯುವಷ್ಟೇ ದೊಡ್ಡ ಚೀಲ ಕೊಳ್ಳಿ.

ಹೊಸ ಆಹಾರಕ್ಕೆ ವಾರದಲ್ಲಿ ಬದಲಾಯಿಸಿ: ಮೊದಲೆರಡು ದಿನ ಕಾಲುಭಾಗ ಹೊಸದು, ಮತ್ತೆರಡು ದಿನ ಅರ್ಧ, ಆಮೇಲೆ ಮುಕ್ಕಾಲು, ಏಳನೇ ದಿನ ಪೂರ್ತಿ. ಭೇದಿಯಾದರೆ ಹಿಂದಿನ ಹಂತಕ್ಕೆ ಹೋಗಿ. ಬೆಕ್ಕು ಮೂಸಿ ಮುಖ ತಿರುಗಿಸಿದರೆ ‘ಹಸಿವಾದರೆ ತಾನೇ ತಿನ್ನುತ್ತೆ’ ಅಂತ ಕಾಯಬೇಡಿ. ಊಟ ಬಿಟ್ಟ ಬೆಕ್ಕಿಗೆ, ಅದರಲ್ಲೂ ದಪ್ಪಗಿರುವುದಕ್ಕೆ, ಕೆಲವೇ ದಿನಗಳಲ್ಲಿ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಬರುತ್ತದೆ. ಹಳೆಯ ಆಹಾರ ಕೊಟ್ಟು ನೋಡಿ, ಅದನ್ನೂ ಇಡೀ ದಿನ ಮುಟ್ಟದಿದ್ದರೆ ಪಶುವೈದ್ಯರ ಹತ್ತಿರ ಕರೆದೊಯ್ಯಿರಿ.